ಎಡಕ್ಕೆ ವಾಲಿದ ಹೊಲಿಗೆ

ನಮ್ಮೂರಲ್ಲಿ ಹುಟ್ಟಿದವರ ಬೆನ್ನಿನ ಮೇಲೆ ಒಂದು ಹೊಲಿಗೆ ಇರುತ್ತದೆ. ಕತ್ತಿನ ಬುಡದಲ್ಲಿ ಶುರುವಾಗಿ ಬೆನ್ನುಮೂಳೆಯ ಗುಂಟ ಸೊಂಟದವರೆಗೆ ನೆಟ್ಟಗೆ ಇಳಿಯುತ್ತದೆ. ದಾರ ಬೂದಿ ಬಣ್ಣದ್ದು, ಮುಟ್ಟಿದರೆ ಒಣಹುಲ್ಲಿನ ಹಾಗೆ ಗಡುಸು. ಮನುಷ್ಯ ಬೆಳೆದಂತೆ ಅದೂ ಬೆಳೆಯುತ್ತದೆ, ಸತ್ತಾಗ ಅವನ ಜೊತೆಗೇ ಹೋಗುತ್ತದೆ. ನಾನು ಸಿಂಪಿಗರ ಮನೆಯ ಹೆಂಗಸು, ಹೆಸರು ರುಕುಮಾಬಾಯಿ. ಅಪ್ಪನ ಅಂಗಡಿಯಲ್ಲಿ ಕೂತು ಹೊಲಿಗೆ ಕಲಿತೆ, ಮದುವೆಯಾದ ಮೇಲೆ ಗಂಡನ ಅಂಗಡಿಯಲ್ಲಿ ಹೊಲಿದೆ, ಅವನು ಹೋದ ಮೇಲೆ ಅದೇ ಅಂಗಡಿಯನ್ನು ನಾನೇ ನಡೆಸಿಕೊಂಡು ಬಂದೆ. ನಮ್ಮೂರಿನ ಬಟ್ಟೆಗೆ ಬೆನ್ನಿರುವುದಿಲ್ಲ. ಕುಪ್ಪಸ, ಅಂಗಿ, ಮಕ್ಕಳ ಜುಬ್ಬ, ಎಲ್ಲಕ್ಕೂ ಹಿಂದುಗಡೆ ಒಂದು ಗೇಣು ಬಿಟ್ಟು ಕತ್ತರಿಸುತ್ತೇವೆ, ಹೊಲಿಗೆ ಕಾಣಬೇಕಲ್ಲ. ಹಿರಿಯರು ಎದುರಾದರೆ ತಿರುಗಿ ನಿಂತು ಬೆನ್ನು ತೋರಿಸುವುದು ಇಲ್ಲಿ ಮರ್ಯಾದೆ. ಹೊರಗಿನಿಂದ ಬಂದ ಬೀಗರು ಇದನ್ನು ಕಂಡು ಮುನಿಸಿಕೊಂಡು ಉಣ್ಣದೇ ಎದ್ದು ಹೋದದ್ದೂ ಉಂಟು.

ಊರ ದೇವರ ಹೆಸರು ಹೊಲಿದಪ್ಪ. ಗುಡಿಯಲ್ಲಿ ಮೂರ್ತಿಯಿಲ್ಲ, ಮೊಳದುದ್ದದ ಒಂದು ಕಬ್ಬಿಣದ ಸೂಜಿ ನೆಟ್ಟಿದ್ದಾರೆ. ಕೂಸು ಹುಟ್ಟಿದ ಹನ್ನೊಂದನೆಯ ದಿನ ಅದನ್ನು ಗುಡಿಗೆ ಒಯ್ದು ಬೆನ್ನು ತೋರಿಸುತ್ತೇವೆ. ಪೂಜಾರಿ ಈರಯ್ಯನವರು ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ನೆರೆದವರ ಕಡೆ ಅದರ ಬೆನ್ನು ತಿರುಗಿಸಿ, ನೋಡಿ ಎನ್ನುತ್ತಿದ್ದರು. ಹೊಲದಲ್ಲಿ ಒಂದು ಅಂಗಿ ಬಿದ್ದಿದ್ದರೆ ಅದನ್ನು ಹೊಲಿದವನೊಬ್ಬ ಇದ್ದಾನೆ ಎನ್ನುತ್ತೀರಿ, ಗಾಳಿಗೆ ಅರಳೆ ಹಾರಿ ಬಂದು ತಾನೇ ಅಂಗಿಯಾಯಿತು ಎನ್ನುವುದಿಲ್ಲ, ಹಾಗಾದರೆ ಈ ಹೊಲಿಗೆ ಯಾರದು ಎಂದು ಕೇಳುತ್ತಿದ್ದರು. ಚಿಕ್ಕಂದಿನಿಂದ ಕೇಳಿದ ಮಾತು, ಆದರೂ ಪ್ರತಿ ಸಲವೂ ನನಗೆ ಮೈ ಜುಮ್ಮೆನ್ನುತ್ತಿತ್ತು. ಅಷ್ಟು ಸಣ್ಣ, ಅಷ್ಟು ಸಮನಾದ ಹೊಲಿಗೆಯನ್ನು ನಾನೂ ಹಾಕಲಾರೆ ಎಂದು ನನಗೆ ಗೊತ್ತಿತ್ತು.

ಈ ಮಾತನ್ನು ಒಪ್ಪದವರು ಊರಿಗೆಲ್ಲ ಒಬ್ಬರೇ, ಪಾಯಪ್ಪ ಮಾಸ್ತರರು. ಶಾಲೆಯಿಂದ ನಿವೃತ್ತರಾದ ಜೈನರು. ಜಗತ್ತನ್ನು ಯಾರೋ ಒಬ್ಬರು ಕೂತು ಮಾಡಿದರು ಎಂಬ ಮಾತು ಅವರ ಮನೆತನದಲ್ಲೇ ಇರಲಿಲ್ಲ. ಅಮಾವಾಸ್ಯೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಗುಡಿಯ ಕಟ್ಟೆಯ ಮೇಲೆ ಅವರಿಗೂ ಈರಯ್ಯನವರಿಗೂ ವಾದ ನಡೆಯುತ್ತಿತ್ತು, ಕೇಳಲು ಅರ್ಧ ಊರು ಸೇರುತ್ತಿತ್ತು. ಅಂಗಿ ಕಂಡರೆ ಸಿಂಪಿಗನ ನೆನಪಾಗುವುದು ನಾವು ಸಿಂಪಿಗರನ್ನು ಕಂಡಿರುವುದರಿಂದ, ದೇವರು ಹೊಲಿಯುವುದನ್ನು ಕಂಡವರು ಯಾರು ಎಂದು ಮಾಸ್ತರರು ಕೇಳುತ್ತಿದ್ದರು. ಮೀನಿನ ಮೈಯ ಪೊರೆ ಸಾಲಾಗಿದೆ, ಹುಣಸೆಯ ಎಲೆ ಜೋಡಿಜೋಡಿಯಾಗಿದೆ, ಗೋವಿನಜೋಳದ ಕಾಳು ಸಾಲು ತಪ್ಪುವುದಿಲ್ಲ, ಅವಕ್ಕೆಲ್ಲ ಯಾರೂ ಸೂಜಿ ಹಿಡಿಯಲಿಲ್ಲ. ಕೂದಲು ಬೆಳೆದಂತೆ ಹೊಲಿಗೆಯೂ ಬೆಳೆಯುತ್ತದೆ. ಬೆನ್ನು ಸರಿಯಾಗಿ ಕೂಡದ ಕೂಸು ಉಳಿಯುವುದಿಲ್ಲ, ಕೂಡಿದ್ದು ಉಳಿದು ಮುಂದೆ ಹೆರುತ್ತದೆ, ಹೀಗೆ ಸಾವಿರ ವರ್ಷ ನಡೆದರೆ ಕಣ್ಣಿಗೆ ಬೀಳುವುದೆಲ್ಲ ಚಂದವೇ ಇರುತ್ತದೆ ಎನ್ನುತ್ತಿದ್ದರು. ಕೊನೆಗೆ ನಗುತ್ತ, ಹೊಲಿಗೆ ಇದ್ದರೆ ಹೊಲಿದವನು ಇರಲೇಬೇಕು ಅನ್ನುವುದಾದರೆ ಹೊಲಿದಪ್ಪನ ಬೆನ್ನು ಹೊಲಿದವರು ಯಾರು ಎಂದು ಕೇಳಿ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆಗ ಈರಯ್ಯನವರು ನನ್ನ ಕಡೆ ತಿರುಗಿ, ಸಿಂಪಿಗರ ಮಾತು ಕೇಳೋಣ ಎನ್ನುವರು. ತಾನಾಗಿಯೇ ಹೊಲಿಗೆ ಬೀಳುವುದಿಲ್ಲ, ನನ್ನ ಅನುಭವದಲ್ಲಿ ಒಂದು ದಿನವೂ ಬಿದ್ದಿಲ್ಲ ಎಂದು ನಾನು ಹೇಳುತ್ತಿದ್ದೆ. ಜನ ನಗುತ್ತಿದ್ದರು. ದೇವರ ಪರವಾಗಿ ಸಾಕ್ಷಿ ಹೇಳಿದ ಹೆಮ್ಮೆಯಲ್ಲಿ ನಾನು ಮನೆಗೆ ಬರುತ್ತಿದ್ದೆ.

ಹೀಗಿರುವಾಗ ಒಂದೂವರೆ ವರ್ಷದ ಹಿಂದೆ ಹೊಲಿಗೆ ಕೆಡತೊಡಗಿತು. ಹನ್ನೊಂದನೆಯ ದಿನ ಎತ್ತಿ ಹಿಡಿದ ಕೂಸುಗಳ ಬೆನ್ನಿನ ಮೇಲೆ ಒಂದು ಎಳೆ ಉದ್ದ, ಒಂದು ಗಿಡ್ಡ. ಅಲ್ಲಲ್ಲಿ ಚರ್ಮ ಮುದುಡಿತ್ತು. ದೇವರು ಪರೀಕ್ಷೆ ಮಾಡುತ್ತಿದ್ದಾನೆ ಎಂದರು ಈರಯ್ಯನವರು. ಆಮೇಲೆ ಒಂದು ಕೂಸಿನ ಬೆನ್ನು ಐದನೆಯ ದಿನಕ್ಕೆ ಬಿಚ್ಚಿಕೊಂಡು ಕೂಸು ಹೋಯಿತು. ಎರಡು ತಿಂಗಳಿಗೆ ಇನ್ನೊಂದು. ಮೂರನೆಯದು ನೀಲವ್ವನ ಗಂಡುಕೂಸು. ಕೂಸಿನ ಬೆನ್ನು ಬಿಚ್ಚಿದರೆ ದೇವರು ಆ ತಾಯಿಯ ಕೈ ಬಿಟ್ಟಿದ್ದಾನೆಂದು ಅರ್ಥ, ಅಂಥವಳು ಗುಡಿಯ ಹೊಸ್ತಿಲು ದಾಟಬಾರದು. ಹಳೆಯ ಕಟ್ಟಳೆ, ಎಷ್ಟೋ ವರ್ಷಗಳಿಂದ ಬಳಕೆಗೆ ಬಂದಿರಲಿಲ್ಲ. ಮೊದಲ ಎರಡು ಸಾವಿಗೆ ಯಾರೂ ಅದನ್ನು ಎತ್ತಿರಲಿಲ್ಲ, ಮೂರನೆಯದಕ್ಕೆ ಊರು ಹೆದರಿತು. ಈರಯ್ಯನವರು ಅದನ್ನು ನೀಲವ್ವನಿಗೆ ತಲೆ ತಗ್ಗಿಸಿಯೇ ಹೇಳಿದರು. ಗಂಡನ ಮನೆಯವರು ಅವಳನ್ನು ಅಣ್ಣನ ಮನೆಗೆ ಕಳಿಸಿದರು. ಅಣ್ಣನ ಮನೆ ನನ್ನ ಅಂಗಡಿಯ ಹಿಂದಿನ ಓಣಿಯಲ್ಲಿ. ಒಂದು ದಿನ ಬಂದು ಏನಾದರೂ ಕೆಲಸ ಕೊಡು ಅತ್ತೆ ಎಂದಳು. ಗುಂಡಿ ಹಚ್ಚಲು, ಕಾಜಾ ಹೊಲಿಯಲು ಕೂರಿಸಿಕೊಂಡೆ. ಬೆರಳು ಸಣ್ಣವು, ಕೆಲಸ ಚೊಕ್ಕಟ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು.

ಮುಂದಿನ ಅಮಾವಾಸ್ಯೆಯ ವಾದದಲ್ಲಿ ಮಾಸ್ತರರ ಕೈ ಮೇಲಾಗಿತ್ತು. ಮೂರು ಕೂಸುಗಳ ಹೆಸರು ಹಿಡಿದು, ಇದು ಯಾವ ಹೊಲಿಗೆಗಾರನ ಕೆಲಸ, ಒಂದೋ ಅವನಿಗೆ ಕಸುಬು ಬರುವುದಿಲ್ಲ, ಇಲ್ಲಾ ಅವನಿಗೆ ಕರುಣೆಯಿಲ್ಲ ಎಂದು ಕೇಳಿದರು. ಕಟ್ಟೆಯ ಕೆಳಗೆ ನನ್ನ ಪಕ್ಕದಲ್ಲಿ ಕೂತಿದ್ದ ನೀಲವ್ವ ತನ್ನ ಮಗುವಿನ ಹೆಸರು ಬಂದ ಕೂಡಲೇ ಎದ್ದು, ಸೆರಗು ಬಿಗಿದುಕೊಂಡು ಹೊರಟುಹೋದಳು. ಮಾಸ್ತರರು ಒಳ್ಳೆಯವರು, ಆದರೆ ಅವಳು ಎದ್ದದ್ದು ಅವರ ಕಣ್ಣಿಗೆ ಬೀಳಲಿಲ್ಲ.

ನನ್ನ ಮಗಳು ಜನಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದದ್ದು ಆ ವಾರವೇ. ಬಸುರಿಗೆ ಸಡಿಲ ಕುಪ್ಪಸ ಬೇಕೆಂದು ಬೆಳಕಿಗೆ ಬೆನ್ನು ಮಾಡಿ ನಿಲ್ಲಿಸಿ ಅಳತೆ ತೆಗೆಯುತ್ತಿದ್ದೆ. ಇಪ್ಪತ್ತೆರಡು ವರ್ಷದಿಂದ ನೋಡಿದ ಬೆನ್ನು. ಹೊಟ್ಟೆ ಬೆಳೆದು ಬೆನ್ನಿನ ಚರ್ಮ ಬಿಗಿದಿತ್ತೋ ಏನೋ, ಅಥವಾ ನನ್ನ ಮನಸ್ಸಿನಲ್ಲಿದ್ದ ಹೆದರಿಕೆಯೇ ಕಣ್ಣಿಗೆ ಇಳಿದಿತ್ತೋ, ಅವತ್ತು ಮೊದಲ ಸಲ ಅದನ್ನು ದೇವರ ಗುರುತೆಂದು ನೋಡದೆ ಹೊಲಿಗೆಯೆಂದು ನೋಡಿದೆ. ಎಳೆಗಳೆಲ್ಲ ಎಡಕ್ಕೆ ವಾಲಿದ್ದವು.

ಎರಡು ಅಂಚು ಕೂಡಿಸಿ ಕೈಯಲ್ಲಿ ಹೊಲಿಯುವಾಗ ಎಳೆ ನೆಟ್ಟಗೆ ಕೂರುವುದಿಲ್ಲ. ಬಲಗೈಯವರು ಹೊಲಿದರೆ ಬಲಕ್ಕೆ ವಾಲುತ್ತದೆ, ಎಡಚರು ಹೊಲಿದರೆ ಎಡಕ್ಕೆ. ನನ್ನ ಅಂಗಡಿಯಲ್ಲಿ ಹಿಂದೆ ಇದ್ದ ಎಡಚ ಕೆಲಸಗಾರನ ಬಟ್ಟೆಯನ್ನು ನಾನು ದೂರದಿಂದಲೇ ಗುರುತಿಸುತ್ತಿದ್ದೆ. ಟೇಪು ಕೈಯಲ್ಲೇ ಉಳಿಯಿತು. ಏನಾಯಿತವ್ವ ಎಂದು ಜನಿ ಕೇಳಿದಳು. ಏನಿಲ್ಲ ಎಂದೆ. ಅವತ್ತಿನಿಂದ ಅಂಗಡಿಗೆ ಬಂದವರ ಬೆನ್ನನ್ನೆಲ್ಲ ನೋಡತೊಡಗಿದೆ. ಜನಿಯ ಓರಗೆಯವರು, ಅವರಿಗಿಂತ ದೊಡ್ಡವರು, ನಲವತ್ತೊಂದರವರೆಗಿನವರು, ಎಲ್ಲರದೂ ಎಡಕ್ಕೆ. ಅದಕ್ಕಿಂತ ಮೇಲಿನವರದು, ಈರಯ್ಯನವರದು, ಪಾಯಪ್ಪ ಮಾಸ್ತರರದು, ಬಲಕ್ಕೆ. ಎರಡು ಕನ್ನಡಿ ಹಿಡಿದು ನನ್ನದನ್ನೂ ನೋಡಿಕೊಂಡೆ. ನನಗೆ ಐವತ್ತು ದಾಟಿದೆ. ಬಲಕ್ಕೆ ವಾಲಿತ್ತು.

ನಲವತ್ತೊಂದು ವರ್ಷದ ಹಿಂದೆ ದೇವರು ಸೂಜಿಯನ್ನು ಬಲಗೈಯಿಂದ ಎಡಗೈಗೆ ತೆಗೆದುಕೊಂಡಿದ್ದ. ಈ ಮಾತನ್ನು ನನಗೆ ನಾನೇ ಹೇಳಿಕೊಂಡಾಗ ನಗು ಬರಬೇಕಿತ್ತು, ಬರಲಿಲ್ಲ. ಆ ವರ್ಷ ನಮ್ಮೂರಲ್ಲಿ ಬದಲಾದದ್ದು ಒಂದೇ. ಹಳೆಯ ಸೂಲಗಿತ್ತಿ ತೀರಿಕೊಂಡು, ಅವಳ ಸೊಸೆ ಲಗಮವ್ವ ಆ ಕೆಲಸಕ್ಕೆ ಬಂದಿದ್ದಳು. ಲಗಮವ್ವ ಎಡಗೈಯಲ್ಲಿ ಎಲೆಗೆ ಸುಣ್ಣ ಸವರುವುದನ್ನು ಊರೆಲ್ಲ ನೋಡಿದೆ.

ಮಾರನೆಯ ಬೆಳಿಗ್ಗೆ ಅವಳ ಮನೆಗೆ ಹೋದೆ. ಅಂಗಳದಲ್ಲಿ ಬಿಸಿಲು ಕಾಯುತ್ತ ಕೂತಿದ್ದಳು. ಗಂಡ, ಮಗ ಯಾರೂ ಉಳಿದಿಲ್ಲ, ಒಬ್ಬಳೇ ಮುದುಕಿ. ಎದುರಿಗೆ ಕೂತು, ಜನಿಯ ಬೆನ್ನಿನ ಹೊಲಿಗೆ ಎಡಗೈಯದು ಆಯಿ ಎಂದಷ್ಟೇ ಹೇಳಿದೆ. ಅವಳು ಎಲೆಯಡಿಕೆಯ ಚೀಲವನ್ನು ಪಕ್ಕಕ್ಕಿಟ್ಟಳು. ಆಮೇಲೆ ಎರಡೂ ಕೈ ಮುಂದೆ ಚಾಚಿದಳು. ಗಾಳಿಗೆ ಸಿಕ್ಕ ಅರಳಿ ಎಲೆಯ ಹಾಗೆ ಅವು ನಡುಗುತ್ತಿದ್ದವು.

"ವರ್ಷದ ಮ್ಯಾಲಾತು ನೋಡು, ಹಿಂಗ," ಎಂದಳು. "ಸಿಂಪಿಗರಾಕಿ ನೀ, ಇಷ್ಟು ದಿನ ಹ್ಯಾಂಗ ಕಾಣಲಿಲ್ಲ ಅಂತ ನಾ ಅನ್ಕೊಂತಿದ್ದೆ."

ಆಮೇಲೆ ಎಲ್ಲ ಹೇಳಿದಳು. ನಮ್ಮೂರಿನ ಕೂಸುಗಳು ಬೆನ್ನು ತೆರೆದುಕೊಂಡೇ ಹುಟ್ಟುತ್ತವೆ. ಕತ್ತಿನಿಂದ ಸೊಂಟದವರೆಗೆ ಸೀಳು. ಒಂದು ತಾಸಿನೊಳಗೆ ಹೊಲಿಯದಿದ್ದರೆ ಉಳಿಯುವುದಿಲ್ಲ. ಅವಳ ಅತ್ತೆ ಹೊಲಿದಳು, ಅತ್ತೆಯ ಅತ್ತೆ ಹೊಲಿದಳು, ಎಷ್ಟು ತಲೆಯಿಂದ ನಡೆದಿದೆಯೋ ಅವಳಿಗೂ ಗೊತ್ತಿಲ್ಲ. ಒಬ್ಬಳು ಮುಂದಿನವಳೊಬ್ಬಳಿಗೆ ಮಾತ್ರ ಹೇಳಬೇಕು, ಅದೇ ಆಣೆ. ಅವಳಿಗೆ ಸೊಸೆ ಬರಲಿಲ್ಲ, ಹೇಳಲು ಯಾರೂ ಇರಲಿಲ್ಲ.

ಹೆರಿಗೆ ಕೋಣೆಯಲ್ಲಿ ಸೂಲಗಿತ್ತಿಯ ಹೊರತು ಬೇರೆಯವರು ಇರಬಾರದು. ಕೂಸು ಹೊರಬಂದ ಕೂಡಲೇ ಬಾಣಂತಿಯ ಮುಖದ ಮೇಲೆ ಒದ್ದೆ ಬಟ್ಟೆ ಹಾಕುತ್ತಾರೆ, ಕೂಸಿಗೆ ನೀರು ಹಾಕುವವರೆಗೆ ತೆಗೆಯುವಂತಿಲ್ಲ. ಕಣ್ಣು ತಂಪಾಗಲಿಕ್ಕೆ ಎಂದುಕೊಂಡಿದ್ದೆವು. ಲಗಮವ್ವ ಮಾತಾಡುತ್ತಿದ್ದಂತೆ ನನಗೆ ಜನಿ ಹುಟ್ಟಿದ ದಿನ ನೆನಪಾಯಿತು. ಒದ್ದೆ ಬಟ್ಟೆಯ ಕೆಳಗೆ ನಾನು ಅವಳ ಅಳುವನ್ನು ಕೇಳುತ್ತ ಮಲಗಿದ್ದೆ. ಕೂಸು ಒಂದೇ ಸಮ ಅಳುತ್ತಿರಲಿಲ್ಲ. ಒಮ್ಮೆ ಚೀರುತ್ತಿತ್ತು, ನಿಲ್ಲಿಸುತ್ತಿತ್ತು, ಮತ್ತೆ ಚೀರುತ್ತಿತ್ತು. ಕೂಸುಗಳು ಹಾಗೆಯೇ ಅಳುತ್ತವೆ ಎಂದುಕೊಂಡು ನಾನು ಆ ಬಟ್ಟೆಯ ಕೆಳಗೆ ನಗುತ್ತಿದ್ದೆ. ಪ್ರತಿ ಚೀರಿಗೂ ಒಂದು ಚುಚ್ಚು. ಲಗಮವ್ವನ ಅಂಗಳದಲ್ಲಿ ಕೂತವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡೆ. ಅವಳೇ ಎದ್ದು ನೀರು ತಂದುಕೊಟ್ಟಳು, ಅರ್ಧ ನೀರು ದಾರಿಯಲ್ಲೇ ತುಳುಕಿಹೋಗಿತ್ತು.

ದಾರ ಎಲ್ಲಿಂದ ತರುತ್ತಿದ್ದೆ ಎಂದು ಕೇಳಿದೆ. ದಾರ ತರುವುದಿಲ್ಲ ಎಂದಳು. ಕೂಸು ತನ್ನ ಎಡಗೈ ಮುಷ್ಟಿಯಲ್ಲಿ ಹಿಡಿದುಕೊಂಡೇ ಬರುತ್ತದೆ, ಸುತ್ತಿ ಇಟ್ಟ ಹಾಗೆ ಒಂದು ಮಾರುದ್ದ. ಸೂಜಿ ಮಾತ್ರ ನಮ್ಮದು. ಹಾಗಾದರೆ ದೇವರು ಇದ್ದಾನೋ ಇಲ್ಲವೋ, ನಿನಗೆ ಏನು ಅನ್ನಿಸುತ್ತದೆ ಎಂದು ಕೇಳಿದೆ. ಊರಿನಲ್ಲಿ ಯಾರನ್ನಾದರೂ ಆ ಪ್ರಶ್ನೆ ಕೇಳಬೇಕಿದ್ದರೆ ಅವಳನ್ನೇ ಕೇಳಬೇಕಿತ್ತು.

"ದಾರ ಕೊಟ್ಟು ಹೊಲಿಯೂದು ಬಿಟ್ಟಾನ. ಮರತನೋ, ಬ್ಯಾಸರಾತೋ, ಕಲಿಯೋ ಹುಡುಗನ ಕೆಲಸನೋ, ಇಲ್ಲಾ ನಮಗಂತನ ಬಿಟ್ಟನೋ, ನನಗ ಹ್ಯಾಂಗ ತಿಳೀಬೇಕವ್ವ? ಕೂಸು ಮುಂದ ಬಿದ್ದಿರತೈತಿ. ಹೊಲಿತೀನಿ."

ನಾನು ಎದ್ದು ನಿಂತೆ. ಅವಳು ನನ್ನ ಸೀರೆಯ ಅಂಚು ಹಿಡಿದಳು. ನಿನ್ನ ಮೊಮ್ಮಗುವನ್ನು ಈ ಕೈಯಲ್ಲಿ ನಾನು ಹೊಲಿಯಲಾರೆ, ನೀಲವ್ವನ ಕೂಸಿನದೇ ನನ್ನ ಕೊನೆಯ ಹೊಲಿಗೆಯಾಗಲಿ ಎಂದಳು. ತನ್ನ ಸೂಜಿಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು.

ಇಪ್ಪತ್ತು ದಿನದ ಮೇಲೆ ಜನಿಗೆ ಬೇನೆ ಶುರುವಾಯಿತು. ಮುದುಕಿಗೆ ಕೈಲಾಗುವುದಿಲ್ಲ, ನೀರು ಕೊಡಲು ನಾನು ಒಳಗಿರುತ್ತೇನೆ ಎಂದು ಅಳಿಯನಿಗೆ ಹೇಳಿ ಬಾಗಿಲು ಹಾಕಿಕೊಂಡೆ. ಸೂರ್ಯ ನೆತ್ತಿಗೆ ಬಂದಾಗ ಕೂಸು ಹುಟ್ಟಿತು, ಹೆಣ್ಣು. ಲಗಮವ್ವ ಜನಿಯ ಮುಖಕ್ಕೆ ಬಟ್ಟೆ ಹಾಕಿ ಕೂಸನ್ನು ನನ್ನ ತೊಡೆಯ ಮೇಲೆ ಬೋರಲು ಮಲಗಿಸಿದಳು. ಅವಳು ಎಷ್ಟೇ ಹೇಳಿದ್ದರೂ ನಾನು ನೋಡಿದ್ದಕ್ಕೆ ತಯಾರಿರಲಿಲ್ಲ. ಹೊಲಿಯುವ ಮುಂಚಿನ ಅಂಗಿಯಂತೆ ಬೆನ್ನು ಎರಡು ಪಾಲಾಗಿತ್ತು. ಒಳಗೆ ಏನೋ ಕೆಂಪಗೆ ಮಿಡಿಯುತ್ತಿತ್ತು. ಸಾವಿರಾರು ಬಟ್ಟೆ ಹೊಲಿದ ಕೈ, ಸೂಜಿ ಎಲ್ಲಿದೆ ಎಂದು ಹುಡುಕುತ್ತಿತ್ತು, ಸೂಜಿ ಬೆರಳಲ್ಲೇ ಇತ್ತು. ಲಗಮವ್ವ ಕೂಸಿನ ಮುಷ್ಟಿ ಬಿಡಿಸಿ ದಾರ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಬೆಚ್ಚಗಿತ್ತು, ಒದ್ದೆಯಾಗಿತ್ತು. ಮೇಲಿನಿಂದ ಶುರು ಮಾಡು, ಬಿಗಿಯಬೇಡ, ಅದು ಬೆಳೆಯಬೇಕು ಎಂದು ಕಿವಿಯಲ್ಲಿ ಹೇಳಿದಳು.

ಮೊದಲ ಚುಚ್ಚಿಗೆ ಕೂಸು ಚೀರಿತು, ನಿಲ್ಲಿಸಿತು. ಎರಡನೆಯ ಚುಚ್ಚಿಗೆ ಮತ್ತೆ. ಬಟ್ಟೆಯ ಕೆಳಗಿನಿಂದ ಜನಿ, ಯಾಕೆ ಹೀಗೆ ಅಳುತ್ತಿದೆ ಎಂದು ಕೇಳಿದಳು. ಎಲ್ಲ ಕೂಸುಗಳೂ ಹೀಗೇ ಅಳುವುದು ಎಂದು ನಾನು ನನ್ನ ಬಾಯಿಂದಲೇ ಹೇಳಿದೆ. ಕೊನೆಯ ಎಳೆ ಹಾಕುವ ಹೊತ್ತಿಗೆ ನನ್ನ ಕುಪ್ಪಸ ಬೆವರಿಗೆ ಮೈಗಂಟಿತ್ತು. ಕೂಸು ಕೆಂಪಗಾಗಿ, ಮೈ ಮುರಿದು, ನಿದ್ದೆ ಹೋಯಿತು. ಜನಿ ಬಟ್ಟೆ ತೆಗೆದವಳೇ ಕೂಸನ್ನು ತಿರುಗಿಸಿ ಬೆನ್ನು ನೋಡಿ, ಎಷ್ಟು ಚಂದ ಹೊಲಿದಾನವ್ವ ಎಂದಳು. ನಾನು ಹಿತ್ತಲಿಗೆ ಹೋಗಿ ಸೂಜಿ ತೊಳೆದೆ.

ಆಮೇಲಿನ ಹತ್ತು ದಿನ ನಾನು ಅಂಗಡಿ ತೆರೆದರೂ ಒಂದು ಬಟ್ಟೆಯನ್ನೂ ಹೊಲಿಯಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಎಷ್ಟೋ ತಲೆಯ ಹೆಂಗಸರು ಸುಮ್ಮನಿದ್ದರು. ಊರು ದೇವರನ್ನು ನಂಬಿ ಸುಖವಾಗಿತ್ತು. ನಾನು ಬಾಯಿಬಿಟ್ಟರೆ ಯಾರಿಗೆ ಏನು ಒಳಿತು ಎಂದು ಯೋಚಿಸುತ್ತಿದ್ದೆ. ಎದುರಿಗೆ ನೀಲವ್ವ ತಲೆ ತಗ್ಗಿಸಿ ಕಾಜಾ ಹೊಲಿಯುತ್ತಿದ್ದಳು. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ, ತಲೆಯೆತ್ತದೆ, ನಾನು ಬಸುರಿಯಿದ್ದಾಗ ಒಂದು ಸಲ ಗುಡಿಯ ಮುಂದೆ ಹಾದು ಕೈ ಮುಗಿಯದೇ ಹೋಗಿದ್ದೆ ಅತ್ತೆ, ಅದಕ್ಕೇ ಇರಬೇಕು ಎಂದಳು. ಆ ಮಾತು ಕೇಳಿದ ಮೇಲೆ ನನಗೆ ಯೋಚನೆ ಮಾಡುವುದು ಉಳಿಯಲಿಲ್ಲ.

ಹನ್ನೊಂದನೆಯ ದಿನ ಗುಡಿ ತುಂಬಿತ್ತು. ಮೂರು ಸಾವಿನ ಮೇಲೆ ಹುಟ್ಟಿದ ಮೊದಲ ಕೂಸು, ಎಲ್ಲರಿಗೂ ಬೆನ್ನು ನೋಡುವ ಆತುರ. ಪಾಯಪ್ಪ ಮಾಸ್ತರರೂ ಬಂದು ಕಂಬಕ್ಕೆ ಒರಗಿ ನಿಂತಿದ್ದರು. ನೀಲವ್ವ ಹೊಸ್ತಿಲಾಚೆ, ಚಪ್ಪಲಿಗಳ ಹತ್ತಿರ ನಿಂತಿದ್ದಳು, ನಾನೇ ಬರಹೇಳಿದ್ದೆ. ಲಗಮವ್ವನ ಮನೆಗೆ ಬೆಳಿಗ್ಗೆಯೇ ಹೋಗಿ ನಾನು ಹೇಳುವವಳಿದ್ದೇನೆ ಎಂದಿದ್ದೆ. ಅವಳು ಬೇಡ ಎನ್ನಲಿಲ್ಲ, ಸೀರೆ ಬದಲಿಸಿ ಜೊತೆಗೇ ಬಂದಳು. ಈರಯ್ಯನವರು ಕೂಸನ್ನು ಎತ್ತಿ ಹಿಡಿದರು. ಒಂದೇ ಸಮನಾದ ಸಣ್ಣ ಹೊಲಿಗೆ. ಜನ ಉಸಿರುಬಿಟ್ಟರು, ಹಲವರು ಅತ್ತರು. ಹೊಲಿದಪ್ಪ ಮತ್ತೆ ನಮ್ಮ ಕೈ ಹಿಡಿದ, ಇಂಥ ಕೆಲಸ ಮನುಷ್ಯರಿಗೆ ಆಗುವಂಥದಲ್ಲ ಎಂದರು ಈರಯ್ಯನವರು.

"ಅದು ನಾ ಹೊಲದದ್ದು ಅಯ್ಯಾರ," ಎಂದೆ.

ಅವರಿಗೆ ಕೇಳಿಸಲಿಲ್ಲ ಎಂದುಕೊಂಡು ಇನ್ನೊಮ್ಮೆ ಹೇಳಿದೆ. ಯಾರೋ ನಗಲು ಶುರುಮಾಡಿ ನಿಲ್ಲಿಸಿದರು. ನಾನು ಜನಿಯನ್ನು ಕರೆದು ಕೂಸಿನ ಪಕ್ಕ ಬೆನ್ನು ಮಾಡಿ ನಿಲ್ಲಿಸಿದೆ. ಒಂದು ಎಡಕ್ಕೆ ವಾಲಿದ್ದು, ಒಂದು ಬಲಕ್ಕೆ. ಎಡಗೈ ಯಾರದು, ಬಲಗೈ ಯಾರದು, ಅದಕ್ಕೂ ಹಿಂದಿನದು ಯಾರದು ಎಂದು ಹೇಳುತ್ತ ಹೋದೆ. ಒದ್ದೆ ಬಟ್ಟೆ ಯಾಕೆ ಹಾಕುತ್ತಾರೆ ಎಂದು ಹೇಳಿದೆ. ಹೆತ್ತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಬಿಟ್ಟು ಬಿಟ್ಟು ಬರುವ ಅಳು ಎಲ್ಲರಿಗೂ ನೆನಪಾಗುತ್ತಿತ್ತು, ಅವರ ಮುಖದ ಮೇಲೆಯೇ ನನಗೆ ಅದು ಕಾಣುತ್ತಿತ್ತು. ಜನಿ ನನ್ನನ್ನೇ ದಿಟ್ಟಿಸುತ್ತಿದ್ದಳು. ಅವಳಿಗೆ ಮೊದಲೇ ಹೇಳದೆ ಹೋದದ್ದು ನನ್ನ ತಪ್ಪು, ಆಮೇಲೆ ಒಂದು ವಾರ ಅವಳು ನನ್ನ ಜೊತೆ ಮಾತಾಡಲಿಲ್ಲ.

ಈರಯ್ಯನವರು ಕೂಸನ್ನು ಜಾಗ್ರತೆಯಾಗಿ ಅಳಿಯನ ಕೈಗೆ ಕೊಟ್ಟರು. ತಮ್ಮ ಕೈ ಹಿಂದೆ ತಿರುಗಿಸಿ ತಮ್ಮ ಬೆನ್ನನ್ನು ಮುಟ್ಟಿ ನೋಡಿಕೊಂಡರು. ನಂದೂ ಹಾಗೆಯೇ ಏನು ಎಂದು ಲಗಮವ್ವನನ್ನು ಮೆಲ್ಲಗೆ ಕೇಳಿದರು. ನಮ್ಮತ್ತೆ ಹೊಲಿದದ್ದು, ನೀವು ಬಹಳ ಸಣ್ಣ ಕೂಸು, ಉಳಿಯುವುದಿಲ್ಲ ಅಂದುಕೊಂಡಿದ್ದಳಂತೆ ಎಂದಳು ಅವಳು. ಈರಯ್ಯನವರು ಆ ಕಬ್ಬಿಣದ ಸೂಜಿಯ ಬುಡದಲ್ಲಿ ಕೂತರು. ಗೆದ್ದವರ ಮುಖ ನೋಡೋಣವೆಂದು ಜನ ಮಾಸ್ತರರ ಕಡೆ ತಿರುಗಿದರು. ಅವರೂ ಗೆದ್ದಿರಲಿಲ್ಲ. ತಾನಾಗಿ ಬೆಳೆಯುತ್ತದೆ ಎಂದು ನಲವತ್ತು ವರ್ಷ ಹೇಳಿದ್ದರು, ಹೊಲಿದವಳು ಅವರ ಮನೆಯ ಎದುರಿನ ಓಣಿಯಲ್ಲೇ ಇದ್ದಳು. ಮಾಸ್ತರರು ಬಂದು ಈರಯ್ಯನವರ ಪಕ್ಕದಲ್ಲೇ ನೆಲದ ಮೇಲೆ ಕೂತರು.

ಆಗ ನೀಲವ್ವ ಹೊಸ್ತಿಲು ದಾಟಿ ಒಳಗೆ ಬಂದಳು. ಯಾರೂ ತಡೆಯಲಿಲ್ಲ. ನೆಟ್ಟಗೆ ಲಗಮವ್ವನ ಎದುರಿಗೆ ಹೋಗಿ ನಿಂತಳು.

"ನನ್ನ ಕೂಸು?" ಎಂದಳು.

"ಕೈ ನಡುಗಿತವ್ವ," ಎಂದಳು ಲಗಮವ್ವ. "ನಿಂದೇನೂ ತಪ್ಪಿಲ್ಲ. ನನ್ನ ಕೈ ನಡುಗಿತು."

ನೀಲವ್ವ ಆ ಎಡಗೈಯನ್ನು ಹಿಡಿದು ಮೇಲೆತ್ತಿದಳು. ಹೊಡೆಯುತ್ತಾಳೆ ಎಂದುಕೊಂಡೆ. ಆ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು, ಅದು ಅವಳ ಹಿಡಿತದಲ್ಲೂ ನಡುಗುತ್ತಿತ್ತು. ಆಮೇಲೆ ಕೈ ಬಿಟ್ಟಳು, ಗಟ್ಟಿಯಾಗಿ ಅತ್ತಳು. ಕೂಸು ಹೋದ ಮೇಲೆ ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಗುಡಿಯ ನಡುವೆ ನಿಂತು ಅಷ್ಟು ದಿನದ್ದನ್ನೆಲ್ಲ ಅತ್ತಳು, ನಾವು ಯಾರೂ ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ, ಸುತ್ತ ನಿಂತಿದ್ದೆವು.

ಗುಡಿಯ ಬಾಗಿಲು ಹದಿನೈದು ದಿನ ಹಾಕಿತ್ತು. ಊರಿನಲ್ಲಿ ಮಾತು ಕಡಿಮೆಯಾಯಿತು. ಕೆಲವರು ನನ್ನ ಅಂಗಡಿಗೆ ಬರುವುದು ಬಿಟ್ಟರು, ಕೆಲವರು ಬೆನ್ನು ಮುಚ್ಚಿದ ಅಂಗಿ ಹೊಲಿಸಲು ಬಂದರು. ನೀಲವ್ವನ ಗಂಡ ಒಂದು ದಿನ ಕರೆಯಲು ಬಂದ. ಅವಳು ಚಹಾ ಮಾಡಿಕೊಟ್ಟು ಕಳಿಸಿದಳು, ಹೋಗಲಿಲ್ಲ. ಲಗಮವ್ವ ಆ ತಿಂಗಳ ಕೊನೆಗೆ ತೀರಿಕೊಂಡಳು. ಅವಳನ್ನು ತೊಳೆದ ಹೆಂಗಸರಲ್ಲಿ ನೀಲವ್ವನೂ ಇದ್ದಳು. ಅದಾದ ಮರುದಿನ ಅಂಗಡಿಗೆ ಬಂದು, ಕಾಜಾ ಸಾಕು ಅತ್ತೆ, ಅದನ್ನು ಕಲಿಸು ಎಂದಳು. ಕುರಿಯ ಚರ್ಮ ತಂದು ಎರಡು ಅಂಚು ಕೂಡಿಸುವುದನ್ನು ಕಲಿಸಿದೆ. ಜನಿಯೂ ಬಂದು ಕೂತಳು, ಊರಿನ ಇನ್ನಿಬ್ಬರು ಸೊಸೆಯಂದಿರೂ ಬಂದರು. ಒಬ್ಬಳೇ ತಿಳಿದಿರಬೇಕೆಂಬ ಆಣೆಯನ್ನು ನಾನು ಇಟ್ಟಿರಲಿಲ್ಲ, ಮುರಿಯಲು ನನಗೇನೂ ಅಡ್ಡಿಯಿರಲಿಲ್ಲ.

ಅಮಾವಾಸ್ಯೆಯ ಕಟ್ಟೆ ಎರಡು ತಿಂಗಳು ಖಾಲಿಯಿತ್ತು. ಮೂರನೆಯ ತಿಂಗಳು ಈರಯ್ಯನವರೂ ಮಾಸ್ತರರೂ ಬಂದು ಕೂತರು, ಮೊದಲಿಗಿಂತ ಸಣ್ಣ ದನಿಯಲ್ಲಿ. ದಾರ ಕೊಟ್ಟವನು ಅವನೇ, ಹೊಲಿಯುವುದನ್ನು ನಮ್ಮ ಪಾಲಿಗೆ ಬಿಟ್ಟಿದ್ದಾನೆ ಎಂದರು ಈರಯ್ಯನವರು. ಅರ್ಧ ಕೆಲಸ ಬಿಟ್ಟುಹೋದವನನ್ನು ನಿಮ್ಮ ಗುಡಿಯ ಗೋಡೆ ಕಟ್ಟಲು ಕರೆಯುತ್ತೀರಾ, ದಾರ ಕೂದಲಿನ ಹಾಗೆ ಬೆಳೆದದ್ದು ಎಂದರು ಮಾಸ್ತರರು. ಹೇಳಿದವರು ಅಲ್ಲಿಗೇ ನಿಂತರು. ಏನೋ ಹೊಳೆದ ಹಾಗಿತ್ತು. ನನ್ನನ್ನು ಕರೆದು, ಆ ದಾರದ ತುದಿಯಲ್ಲಿ ಗಂಟು ಇತ್ತೇ ಎಂದು ಕೇಳಿದರು. ಕೂದಲು ತಾನಾಗಿ ಬೆಳೆಯಬಹುದು, ತುದಿಗೆ ತಾನೇ ಗಂಟು ಹಾಕಿಕೊಳ್ಳುವುದಿಲ್ಲ. ಹೊಲಿಯುವವರು ಮೊದಲು ಮಾಡುವುದೇ ತುದಿಗೆ ಗಂಟು. ಕೂಸು ಹಿಡಿದು ಬಂದ ದಾರಕ್ಕೆ ಗಂಟಿದ್ದರೆ ನಾನು ನನ್ನ ಮಾತು ಬಿಡುತ್ತೇನೆ ಎಂದರು ಅವರು. ಇಲ್ಲದಿದ್ದರೆ ನಾನು ಬಿಡುತ್ತೇನೆ ಎಂದರು ಈರಯ್ಯನವರು. ನಾನು ಎಷ್ಟು ನೆನಪಿಸಿಕೊಂಡರೂ ಆಗಲಿಲ್ಲ. ನಾನು ಗಂಟು ಹಾಕಿದೆನೋ, ಇದ್ದ ಗಂಟನ್ನೇ ಎಳೆದೆನೋ, ಆ ಒದ್ದೆ, ಆ ಬಿಸಿ, ಆ ಮಿಡಿತ ಬಿಟ್ಟು ಬೇರೇನೂ ನೆನಪಿರಲಿಲ್ಲ. ತಿಳಿದಿದ್ದವಳು ಲಗಮವ್ವ ಒಬ್ಬಳೇ, ಅವಳನ್ನು ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ.

ಕಂಬಾರರ ಸೊಸೆಗೆ ದಿನ ತುಂಬಿತ್ತು. ಅವಳಿಗೆ ಬೇನೆ ಬಂತೆಂದು ಸುದ್ದಿ ಬಂದಾಗ ಮಧ್ಯಾಹ್ನ. ನಾನೂ ನೀಲವ್ವನೂ ಓಡಿದೆವು. ಹೊಲಿಯುವವಳು ನೀಲವ್ವನೇ ಎಂದು ಮೊದಲೇ ಮಾತಾಗಿತ್ತು. ಅಂಗಳದಲ್ಲಿ ಈರಯ್ಯನವರೂ ಮಾಸ್ತರರೂ ಆಗಲೇ ಬಂದು ಒಂದೇ ಬೆಂಚಿನ ಮೇಲೆ ಕೂತಿದ್ದರು. ದಾರ ತೆಗೆದ ಕೂಡಲೇ ತುದಿ ನೋಡಬೇಕೆಂದು ಇಬ್ಬರೂ ಎರಡೆರಡು ಸಲ ನೀಲವ್ವನಿಗೆ ಹೇಳಿದರು. ಬಸುರಿ ತನಗೆ ಒದ್ದೆ ಬಟ್ಟೆ ಬೇಡ, ನೋಡುತ್ತೇನೆ ಎಂದಳು. ನಾವು ಕಿಟಕಿ ತೆರೆದಿಟ್ಟೆವು.

ಹೆರಿಗೆ ಕಷ್ಟವಾಯಿತು. ಕೂಸು ಬಂದಾಗ ನೀಲಿಗಟ್ಟಿತ್ತು, ಅಳಲಿಲ್ಲ. ನಾನು ಕಾಲು ಹಿಡಿದು ತಟ್ಟಿದೆ, ಬಾಯಿ ಒರೆಸಿದೆ, ಮತ್ತೆ ತಟ್ಟಿದೆ. ನೀಲವ್ವ ಮುಷ್ಟಿ ಬಿಡಿಸಿ ದಾರ ಪೋಣಿಸಿ ಚುಚ್ಚತೊಡಗಿದಳು. ನಾಲ್ಕನೆಯ ಚುಚ್ಚಿನವರೆಗೂ ಕೂಸು ಸದ್ದು ಮಾಡಲಿಲ್ಲ. ಬಾಣಂತಿ ಮೊಳಕೈ ಊರಿ ಎದ್ದು ಕೂತು ಎಲ್ಲವನ್ನೂ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಐದನೆಯದಕ್ಕೆ ಚೀರಿತು. ಆಮೇಲೆ ಪ್ರತಿಯೊಂದಕ್ಕೂ ಚೀರಿತು, ನೀಲವ್ವನ ಕೈ ಎಲ್ಲೂ ನಿಲ್ಲಲಿಲ್ಲ.

ಅಳು ಕೇಳಿ ಇಬ್ಬರು ಮುದುಕರೂ ಕಿಟಕಿಯ ಹತ್ತಿರ ಬಂದು ನಿಂತಿದ್ದರು. ಹೊಲಿದು ಮುಗಿಸಿ, ಸೂಜಿ ಕೆಳಗಿಟ್ಟು, ನೀಲವ್ವ ಅಲ್ಲೇ ಗೋಡೆಗೆ ಒರಗಿದಳು. ಗಂಟು ಇತ್ತೇನವ್ವ ಎಂದು ಮಾಸ್ತರರು ಕೇಳಿದರು. ಈರಯ್ಯನವರು ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ನೋಡಲಿಲ್ರಿ," ಎಂದಳು ನೀಲವ್ವ. "ಕೂಸು ತಣ್ಣಗಾಗಾಕ ಹತ್ತಿತ್ತು."

ಈರಯ್ಯನವರು ಸರಳು ಬಿಟ್ಟರು. ಬಾಣಂತಿ ಕೈ ಚಾಚಿದಳು. ನೀಲವ್ವ ಕೂಸನ್ನು ಎತ್ತಿ, ಅದರ ಬೆನ್ನು ತಾಯಿಗೆ ಕಾಣುವಂತೆ ತಿರುಗಿಸಿ, ಅವಳ ಎದೆಯ ಮೇಲೆ ಮಲಗಿಸಿದಳು.